ಕೈ ಹೇಳಿದ ಲೆಕ್ಕ

(ವಿಜಯಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)

ತಿಕೋಟಾ, ಬಬಲೇಶ್ವರ ಕಡೆಯಿಂದ ರವಿವಾರದ ರಜೆ ಬಿಟ್ಟು ಬಸ್ಸು ಹಿಡಿದು ಬಂದಿರುವ ಶಿಕ್ಷಕ ಶಿಕ್ಷಕಿಯರೇ,

ಉಪನ್ಯಾಸಕ್ಕೆ ಕರೆದಾಗ ವಿಷಯ ಯಾವುದು ಎಂದು ಸಂಘಟಕರು ಕೇಳಿದರು. ದತ್ತಾಂಶ ಎಂದೆ. ಫೋನಿನ ಆಚೆ ನಕ್ಕರು. ದತ್ತಿಗೆ ಪ್ರಾಸವಾಗಲಿ ಎಂದು ಹೇಳಿದೆ ಅಂದುಕೊಂಡಿರಬೇಕು. ಪ್ರಾಸವೇನಲ್ಲ, ಎರಡೂ ಒಂದೇ ಬೇರಿನ ಮಾತು. ದತ್ತ ಅಂದರೆ ಕೊಟ್ಟದ್ದು. ಇಂಗ್ಲಿಷಿನ ಡೇಟಾ ಕೂಡ ಲ್ಯಾಟಿನ್ನಿನಿಂದ ಬಂದದ್ದು, ಅಲ್ಲಿಯೂ ಅದರ ಅರ್ಥ ಕೊಟ್ಟದ್ದು ಎಂದೇ. ಈ ದತ್ತಿಯನ್ನು ಕೊಟ್ಟವರು ಯಾರು ಎಂಬುದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಶಾಲೆಯ ಮಗುವಿನ ದತ್ತಾಂಶವನ್ನು ಕೊಟ್ಟವರು ಯಾರು? ಕೇಳಿ ಪಡೆದೆವೋ, ಕೇಳದೆ ತೆಗೆದುಕೊಂಡೆವೋ? ಪಡೆದ ಮೇಲೆ ಕೊಟ್ಟ ಮಗುವಿಗೆ ಅದರಿಂದ ಏನು ಸಿಕ್ಕಿತು? ಇವು ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ನನ್ನ ಇವತ್ತಿನ ಮಾತೆಲ್ಲ ಇದೇ ಪ್ರಶ್ನೆಯ ಸುತ್ತ.

ಮೊದಲು ಒಂದು ಹುಡುಗಿಯ ಕಥೆ. ಹೆಸರು ಹೇಳುವುದಿಲ್ಲ, ಶಾಲೆಯ ಹೆಸರೂ ಬೇಡ. ಇಲ್ಲಿಂದ ಅಥಣಿ ರಸ್ತೆ ಹಿಡಿದು, ತೊರವಿ ದಾಟಿ, ತಿಕೋಟಾ ಮುಟ್ಟಿ, ಅಲ್ಲಿಂದ ದ್ರಾಕ್ಷಿ ಪಡಗಳ ನಡುವೆ ಒಳಗೆ ಹೋದರೆ ಸಿಗುವ ಒಂದು ಸರಕಾರಿ ಶಾಲೆ. ನಾಲ್ಕನೆಯ ಇಯತ್ತೆ. ಹಲಗೆಯ ಮೇಲೆ 52ರಲ್ಲಿ 27 ಕಳೆಯುವ ಲೆಕ್ಕ. ಹುಡುಗಿಯ ವಹಿಯಲ್ಲಿ ಉತ್ತರ 35. ಅಕ್ಕೋರು ಕೆಂಪು ಗೆರೆ ಎಳೆದಾಗಿತ್ತು. ಇದು ನಮ್ಮಲ್ಲಿ ಎಷ್ಟೋ ಮಕ್ಕಳು ಮಾಡುವ ತಪ್ಪು. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಆದ್ದರಿಂದ ಏಳರಲ್ಲೇ ಎರಡನ್ನು ಕಳೆದುಬಿಡುತ್ತಾರೆ. ನಾನು ಹಿಂದೆ ಕೂತವನು ಸುಮ್ಮನೆ ಕೇಳಿದೆ, “ಹೆಂಗ ಮಾಡಿದಿ, ಹೇಳವ್ವಾ.”

“ಏಳರಾಗ ಎರಡು ಹ್ವಾದ್ರ ಐದ್ರಿ. ಐದರಾಗ ಎರಡು ಹ್ವಾದ್ರ ಮೂರ್ರಿ. ಮೂವತ್ತೈದು.”

ಬಾಯಿ ಇಷ್ಟು ಹೇಳುತ್ತಿದ್ದಾಗ ಅವಳ ಬಲಗೈ ಮಡಿಲಲ್ಲಿತ್ತು. ಹೆಬ್ಬೆರಳು ಕಿರುಬೆರಳಿನ ಗೆಣ್ಣುಗಳನ್ನು ಮುಟ್ಟುತ್ತಿತ್ತು, ಒಂದು, ಎರಡು, ಮೂರು. ಆಮೇಲೆ ಎರಡೂ ಅಂಗೈ ಅರಳಿದವು, ಮುಚ್ಚಿದವು, ಮತ್ತೆ ಅರಳಿದವು. ಕೊನೆಗೆ ಎರಡು ಬೆರಳು ನೆಟ್ಟಗಾದವು. ಮೂರು, ಹತ್ತು, ಹತ್ತು, ಎರಡು. ಕೂಡಿಸಿ ನೋಡಿ. ಇಪ್ಪತ್ತೈದು! ವಹಿಯಲ್ಲಿ ಮೂವತ್ತೈದು, ಬಾಯಲ್ಲಿ ಮೂವತ್ತೈದು, ಕೈಯಲ್ಲಿ ಇಪ್ಪತ್ತೈದು. ಕೈ ಎಲ್ಲಿಂದ ಕಲಿತದ್ದು ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಹಾಕಿದೆ. “ಸಂತ್ಯಾಗ ಇಪ್ಪತ್ತೇಳು ರೂಪಾಯಿದು ಕಾಯಿಪಲ್ಲೆ ತಗೊಂಡು ಐವತ್ತೆರಡು ಕೊಟ್ರ?” ಮಾತು ಮುಗಿಯುವುದರೊಳಗೆ ಉತ್ತರ ಬಂತು. “ಇಪ್ಪತ್ತೈದು ಹೊಳ್ಳಿ ಕೊಡೂದ್ರಿ.” ಅವಳ ತಾಯಿ ಸಂತೆಯಲ್ಲಿ ಸೊಪ್ಪು ಮಾರುವವಳು, ಚಿಲ್ಲರೆಯ ಕೆಲಸ ಮಗಳದು. ಅಂಗಡಿಕಾರರು ಕಳೆಯುವುದಿಲ್ಲ, ಏರಿಸುತ್ತ ಹೋಗುತ್ತಾರೆ. ಇಪ್ಪತ್ತೇಳಕ್ಕೆ ಮೂರು ಹಾಕಿದರೆ ಮೂವತ್ತು, ಆಮೇಲೆ ಹತ್ತು ಹತ್ತು, ಮೇಲೆರಡು. ಸಂತೆಯ ಲೆಕ್ಕ ಮಡಿಲಲ್ಲಿ ನಡೆದಿತ್ತು, ಶಾಲೆಯ ಲೆಕ್ಕ ವಹಿಯಲ್ಲಿ ನಡೆದಿತ್ತು. ಎರಡಕ್ಕೂ ಪರಿಚಯವೇ ಇರಲಿಲ್ಲ.

ಈ ಸಂಗತಿಯನ್ನು ಮೊದಲು ನೋಡಿದವನು ನಾನಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಸೂಸನ್ ಗೋಲ್ಡಿನ್-ಮೆಡೋ ಮತ್ತು ಅವರ ಜೊತೆಗಾರರು 1980ರ ದಶಕದಿಂದ ಮಕ್ಕಳ ಕೈಗಳನ್ನು ನೋಡುತ್ತ ಬಂದವರು. ಸಮಚಿಹ್ನೆಯ ಎರಡೂ ಬದಿ ಸಮವಾಗಬೇಕಾದ ಲೆಕ್ಕ ಕೊಡುತ್ತಿದ್ದರು, ಹೇಗೆ ಮಾಡಿದೆ ಎಂದು ಕೇಳುತ್ತಿದ್ದರು. ಕೆಲವು ಮಕ್ಕಳು ಬಾಯಲ್ಲಿ ಒಂದು ದಾರಿ ಹೇಳುವರು, ಕೈಯಲ್ಲಿ ಬೇರೆ ದಾರಿ ತೋರಿಸುವರು. ಇಬ್ಬಂದಿಯಲ್ಲಿರುವ ಈ ಮಕ್ಕಳು ದಡ್ಡರು ಎಂದುಕೊಂಡರೆ ತಪ್ಪು. ಪಾಠ ಹೇಳಿದಾಗ ಅದನ್ನು ಹಿಡಿದುಕೊಳ್ಳುವುದರಲ್ಲಿ ಅವರೇ ಮುಂದೆ. ಹದ ಬಂದ ಹೊಲ ಅದು, ಬೀಜ ಬಿದ್ದರೆ ಮೊಳೆಯುತ್ತದೆ. ಆದರೆ ಹದ ಬಂದದ್ದು ಗೊತ್ತಾಗಬೇಕಾದರೆ ವಹಿಯನ್ನಷ್ಟೇ ನೋಡಿದರೆ ಆಗದು. ವಹಿ, ಬಾಯಿ, ಕೈ ಮೂರನ್ನೂ ಒಟ್ಟಿಗೆ ನೋಡಬೇಕು.

ಇಂಥ ನೋಟಕ್ಕೆ ಈಗ ದೊಡ್ಡ ಹೆಸರಿದೆ. ಬಹುವಿಧ ಕಲಿಕಾ ವಿಶ್ಲೇಷಣೆ. 2013ರ ಸುಮಾರಿಗೆ, ಆಗ ಸ್ಟ್ಯಾನ್‌ಫರ್ಡಿನಲ್ಲಿದ್ದ ಬ್ರೆಜಿಲ್ ಮೂಲದ ಪಾಲೊ ಬ್ಲಿಕ್‌ಸ್ಟೀನ್ ಮೊದಲಾದವರು ಇದನ್ನು ಒಂದು ಅಧ್ಯಯನ ಶಾಖೆಯಾಗಿ ಕಟ್ಟಿದರು. ಮಗುವಿನ ಮಾತು, ಕೈಚಲನೆ, ಕಣ್ಣು ಓಡುವ ದಾರಿ, ಪೆನ್ನು ನಿಲ್ಲುವ ಜಾಗ, ಗುಂಪಿನಲ್ಲಿ ಯಾರತ್ತ ತಿರುಗುತ್ತದೆ ಎಂಬುದು, ಇವನ್ನೆಲ್ಲ ಕ್ಯಾಮೆರಾ, ಮೈಕು, ಸೆನ್ಸರ್‌ಗಳಿಂದ ಹಿಡಿದು ಜೋಡಿಸಿ ನೋಡುವುದು. ಒಳ್ಳೆಯದೇ. ಆದರೆ ಓಲೆಗರಿ ಓದಿದವರಿಗೆ ಇದು ಹೊಸ ವಿದ್ಯೆ ಅನ್ನಿಸದು. ಫ.ಗು. ಹಳಕಟ್ಟಿಯವರು ವಕೀಲಿ ಮಾಡುತ್ತಲೇ ಮನೆ ಮನೆಗೆ ಹೋಗಿ ವಚನದ ಕಟ್ಟು ಕೂಡಿಸಿದ ಊರು ಇದು. ಹಸ್ತಪ್ರತಿಯ ಕೆಲಸ ಬಲ್ಲವರೆಲ್ಲ ಒಂದು ಮಾತು ಹೇಳುತ್ತಾರೆ, ಒಂದೇ ಪ್ರತಿಯನ್ನು ನಂಬಬೇಡ. ಒಂದರಲ್ಲಿ ಹುಳ ತಿಂದ ಅಕ್ಷರ ಇನ್ನೊಂದರಲ್ಲಿ ಉಳಿದಿರುತ್ತದೆ. ಮಗುವೂ ಹಾಗೆಯೇ, ನಾಲ್ಕು ಪ್ರತಿಯಲ್ಲಿ ಸಿಗುವ ಒಂದು ಪಾಠ.

ನಾಲ್ಕು ಪ್ರತಿ ನಮ್ಮಲ್ಲಿ ಈಗಾಗಲೇ ಇವೆಯಲ್ಲ ಎಂದು ನೀವು ಕೇಳಬಹುದು. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ, ಸರಕಾರದ ವಿದ್ಯಾರ್ಥಿ ದಾಖಲೆಯ ಜಾಲವಾದ ಎಸ್‌ಎಟಿಎಸ್‌ಗೆ ಅಂಕ ಏರಿಸುವುದು ಬೇರೆ. ಇದಕ್ಕೆ ಉತ್ತರ ಇಲ್ಲೇ ಒಂದು ಮೈಲಿ ದೂರದಲ್ಲಿದೆ. 1656ರಲ್ಲಿ ಮುಗಿದ ಗೋಳಗುಮ್ಮಟದ ಮೇಲೆ ನೀವೆಲ್ಲ ಹತ್ತಿದ್ದೀರಿ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟದ ಒಳಗೆ ಒಮ್ಮೆ ಚಪ್ಪಾಳೆ ಹೊಡೆದರೆ ಏಳು ಸಲ ಕೇಳುತ್ತದೆ ಎಂದು ಗೈಡುಗಳು ಹೇಳುತ್ತಾರೆ. ಏಳು ಸಲ ಕೇಳಿತು ಎಂದು ಏಳು ಮಂದಿ ಚಪ್ಪಾಳೆ ಹೊಡೆದರು ಎನ್ನುತ್ತೇವೆಯೇ? ಪರೀಕ್ಷೆಯ ಮೇಲೆ ಪರೀಕ್ಷೆಯೂ ಅದೇ ಪ್ರತಿಧ್ವನಿ. ರೂಪಣಾತ್ಮಕ ಎಂಬ ಹೆಸರಿನಲ್ಲಿ ಮಾಡುವುದು ಮಗುವಿನ ಚಟುವಟಿಕೆಯನ್ನು ನೋಡಲಿಕ್ಕೆ ಎಂದು ಸುತ್ತೋಲೆ ಹೇಳುತ್ತದೆ. ನಾನು ನೋಡಿದ ಬಹಳ ಶಾಲೆಗಳಲ್ಲಿ ಅದು ಹತ್ತು ಅಂಕದ ಕಿರುಪರೀಕ್ಷೆಯಾಗಿ ಉಳಿದಿದೆ. ಆರು ಸಲ ಕೇಳಿದ್ದು ವಹಿಯ ದನಿ ಒಂದನ್ನೇ. ಕೈಯ ದನಿ ಇನ್ನೂ ಕೇಳಿಲ್ಲ. ಇನ್ನು, ಶಾಲಾ ಪ್ರವಾಸದ ಮಕ್ಕಳು ನೂರು ಮಂದಿ ಒಮ್ಮೆಲೇ ಕೂಗಿದಾಗ ಗುಮ್ಮಟದಲ್ಲಿ ಏನಾಗುತ್ತದೆ ಎಂಬುದೂ ನಿಮಗೆ ಗೊತ್ತು. ಆ ಗದ್ದಲದ ಮಾತು ಮುಂದೆ ಬರುತ್ತದೆ.

ಈಗ ಓದಿನ ಕಡೆ ಬರೋಣ. ಗಣಿತಕ್ಕಿಂತ ಇದರಲ್ಲಿ ನನಗೆ ರುಚಿ ಹೆಚ್ಚು.

ಒಂದು ಮಗು ಗಟ್ಟಿಯಾಗಿ ಓದುವುದನ್ನು ಒಂದು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಗೆ ಹೋಗಿ ಕೇಳಿ. ತರಗತಿಯಲ್ಲಿ ಕಿವಿಗೆ ಬೀಳದ್ದು ಅಲ್ಲಿ ಬೀಳುತ್ತದೆ. ಮುಖ್ಯವಾಗಿ ನಿಲುಗಡೆಗಳು. ‘ಸೂರ್ಯ’ ಎಂಬ ಪದ ನೋಡಿ. ಕಣ್ಣಿಗೆ ಮೊದಲು ಕಾಣುವುದು ಸೂ, ಆಮೇಲೆ ಯ, ಆಮೇಲೆ ಅರ್ಕಾವೊತ್ತು. ಬಾಯಲ್ಲಿ ಮಾತ್ರ ರಕಾರ ಯಕಾರಕ್ಕಿಂತ ಮುಂಚೆ ಬರಬೇಕು. ಕಣ್ಣು ಮುಂದೆ ಹೋಗಿ, ಹೊಳ್ಳಿ ಬಂದು, ಆಮೇಲೆ ಬಾಯಿ ತೆರೆಯಬೇಕು. ಕೆಲವರು ‘ಸೂಯ’ ಎಂದು ಓದಿ ಮುಂದೆ ಹೋಗುತ್ತಾರೆ. ಕೆಲವರು ‘ಸೂ’ ಎಂದು ಅರೆಗಳಿಗೆ ನಿಂತು ‘ಸೂರ್ಯ’ ಎನ್ನುತ್ತಾರೆ. ಪರೀಕ್ಷೆಯಲ್ಲಿ ಎರಡನೆಯವರಿಗೆ ಪೂರ್ಣ ಅಂಕ, ವೇಗದ ಓದಿನ ಸ್ಪರ್ಧೆಯಲ್ಲಿ ಕಡಿಮೆ ಅಂಕ. ಆ ಅರೆಗಳಿಗೆ ಇದೆಯಲ್ಲ, ಕಲಿಕೆ ನಡೆಯುತ್ತಿರುವ ಜಾಗ ಅದೇ. ಕನ್ನಡದ ಮಕ್ಕಳು ಅಕ್ಷರಮಾಲೆಯನ್ನು ಪೂರ್ತಿ ವಶ ಮಾಡಿಕೊಳ್ಳಲು ಒಂದೆರಡು ವರ್ಷ ಸಾಲದು, ನಾಲ್ಕನೆಯ ತರಗತಿಯವರೆಗೂ ಒತ್ತಕ್ಷರಗಳ ಕಲಿಕೆ ನಡೆದೇ ಇರುತ್ತದೆ ಎಂದು ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಇಪ್ಪತ್ತಾರು ಅಕ್ಷರದ ಇಂಗ್ಲಿಷಿನ ಅಳತೆಗೋಲು ಹಿಡಿದು ನಮ್ಮ ಮಕ್ಕಳನ್ನು ಹಿಂದೆ ಬಿದ್ದವರೆಂದು ಬರೆಯುವ ಮೊದಲು ಇದನ್ನು ನೆನೆಯಬೇಕು.

ಇನ್ನೊಂದು ಸೂಕ್ಷ್ಮ ಇದೆ, ಅದು ನಮ್ಮ ಸೀಮೆಯದು. ಪುಸ್ತಕದಲ್ಲಿ ‘ಮನೆ’ ಎಂದಿದೆ, ಹುಡುಗ ‘ಮನಿ’ ಎಂದು ಓದುತ್ತಾನೆ. ‘ಶಾಲೆ’ ಎಂದಿದ್ದರೆ ‘ಸಾಲಿ’. ಇದು ತಪ್ಪು ಓದೇ? ಅಕ್ಷರ ಅಕ್ಷರ ಕೂಡಿಸಿ ಓದುವವನು ‘ಮನೆ’ ಎಂದೇ ಓದುತ್ತಾನೆ, ಅರ್ಥ ಆಗದಿದ್ದರೂ ಓದುತ್ತಾನೆ. ‘ಮನಿ’ ಎಂದವನಿಗೆ ಪದ ಕಣ್ಣಿಗೆ ಬಿದ್ದೊಡನೆ ಮನೆಯೇ ಕಂಡಿದೆ, ಅವ್ವ ಕರೆಯುವ ಹೆಸರಿನಲ್ಲಿ ಬಾಯಿಗೆ ಬಂದಿದೆ. ಅವನಿಗೆ ನಾನು ಒಂದು ಅಂಕ ಹೆಚ್ಚಿಗೆ ಕೊಡುವವನು. ಯಂತ್ರ ಕೊಡುವುದೇ? ಓದನ್ನು ಕೇಳಿ ಅಂಕ ಹಾಕುವ ತಂತ್ರಾಂಶಗಳು ಬಂದಿವೆ. ಮುಂಬೈ ಐಐಟಿಯವರು ಕಟ್ಟಿದ ‘ತಾರಾ’ ಅಂಥದ್ದೊಂದು, ಇಂಗ್ಲಿಷು ಹಿಂದಿ ಓದಿನ ಸರಾಗತೆ ಅಳೆಯುತ್ತದೆ. ನಾಳೆ ಕನ್ನಡಕ್ಕೂ ಬರುತ್ತದೆ, ಬರಲಿ. ಆದರೆ ಆ ಯಂತ್ರಕ್ಕೆ ಕಿವಿ ಕೊಟ್ಟವರು ಯಾರು ಎಂದು ನಾವು ಕೇಳಬೇಕು. ಬೆಂಗಳೂರು ಮೈಸೂರಿನ ಕನ್ನಡವನ್ನೇ ಕೇಳಿ ಬೆಳೆದ ಯಂತ್ರ ನಮ್ಮ ಹುಡುಗನ ‘ಮನಿ’ಗೆ ಕೆಂಪು ಗೆರೆ ಎಳೆಯುತ್ತದೆ. ತಾಂಡಾದ ಲಂಬಾಣಿ ಮಗು, ನಗರದ ಉರ್ದು ಮನೆಯ ಮಗು, ಜತ್ತ ಗಡಿಯಲ್ಲಿ ಮರಾಠಿ ಕೇಳುತ್ತ ಬೆಳೆದ ಮಗು, ಇವರ ಗತಿ ಇನ್ನೂ ಕಷ್ಟ.

ಈ ದಿಕ್ಕಿನಲ್ಲಿ ಒಂದು ಒಳ್ಳೆಯ ಕೆಲಸ ನಡೆದಿದೆ, ಹೇಳದಿದ್ದರೆ ಅನ್ಯಾಯವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ನಡೆಸುವ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಅದರ ಬಗ್ಗೆ ಅವರವರ ಆಡುಮಾತಿನಲ್ಲೇ ಮಾತಾಡಿಸಿ ಧ್ವನಿ ಸಂಗ್ರಹಿಸುತ್ತಾರೆ. ಅದರ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ವಿಜಯಪುರವೂ ಇದೆ. ಬಾಯಿಪಾಠ ಒಪ್ಪಿಸುವುದಿಲ್ಲ, ಅಚ್ಚಿನ ವಾಕ್ಯ ಓದಿಸುವುದಿಲ್ಲ, ಚಿತ್ರ ನೋಡಿ ಬಾಯಿಗೆ ಬಂದದ್ದನ್ನು ಹೇಳುವುದು. ಮಕ್ಕಳ ದನಿಯನ್ನೂ, ಪಾಲಕರನ್ನು ಕೇಳಿಕೊಂಡು, ಇದೇ ಬಗೆಯಲ್ಲಿ ಕೂಡಿಸಿದರೆ ಯಂತ್ರದ ಕಿವಿ ಸ್ವಲ್ಪ ಮೆತ್ತಗಾದೀತು.

ಯಂತ್ರದ ವಿಷಯದಲ್ಲಿ ನನ್ನದೇ ಒಂದು ಫಜೀತಿ ಹೇಳುತ್ತೇನೆ. ಬಬಲೇಶ್ವರ ಭಾಗದ ಒಂದು ಶಾಲೆಯಲ್ಲಿ, ಪಾಲಕರ ಸಭೆ ಕರೆದು ಒಪ್ಪಿಗೆ ಪಡೆದು, ಟ್ಯಾಬ್ಲೆಟ್ ಒಂದನ್ನು ಸ್ಟ್ಯಾಂಡಿಗೆ ಕಟ್ಟಿ ಇಡೀ ತರಗತಿಯನ್ನು ಚಿತ್ರೀಕರಿಸಿದೆ. ಮೊದಲ ದಿನ ಮಕ್ಕಳು ಅಕ್ಕೋರ ಕಡೆ ನೋಡಲೇ ಇಲ್ಲ, ಟ್ಯಾಬ್ಲೆಟ್ಟಿನ ಕಡೆ ನೋಡಿದರು. ಒಬ್ಬ ಹುಡುಗ ಬಾಚಣಿಗೆ ತಂದಿದ್ದ. ಎರಡನೆಯ ದಿನ ಫ್ಯಾನಿನ ಗರಗರ ಬಿಟ್ಟು ಬೇರೇನೂ ದಾಖಲಾಗಲಿಲ್ಲ. ಮೂರನೆಯ ದಿನ ಕರೆಂಟು ಹೋಯಿತು, ಫ್ಯಾನು ನಿಂತಿತು, ಧ್ವನಿ ಚೆನ್ನಾಗಿ ಬಂತು! ಆ ನಲವತ್ತು ನಿಮಿಷವನ್ನು ಕೂತು ನೋಡಿ ಗುರುತು ಹಾಕಿಕೊಳ್ಳಲಿಕ್ಕೆ ನನಗೆ ಎರಡು ರಾತ್ರಿ ಹಿಡಿಯಿತು. ಮೂವತ್ತು ಮಕ್ಕಳ ಮಾತು ಒಂದರ ಮೇಲೊಂದು. ಗುಮ್ಮಟದಲ್ಲಿ ನೂರು ಮಂದಿ ಕೂಗಿದ ಹಾಗೆ. ಮಾತನ್ನು ಬರಹಕ್ಕೆ ಇಳಿಸುವ ಆ್ಯಪು ಕೊಟ್ಟದ್ದನ್ನು ಓದಿದರೆ ನಗು ಬರುವಂತಿತ್ತು. ಎಲ್ಲವನ್ನೂ ಹಿಡಿಯಲು ಹೋದವನಿಗೆ ಏನೂ ಸಿಗಲಿಲ್ಲ.

ಆದರೂ ಆ ಚಿತ್ರೀಕರಣದಲ್ಲಿ ಒಂದೇ ಒಂದು ಉಪಯೋಗದ ಸಂಗತಿ ಸಿಕ್ಕಿತು. ಮೂಲೆಯಲ್ಲಿ ಒಬ್ಬ ಹುಡುಗಿ ಇಡೀ ಪಾಠದಲ್ಲಿ ತಲೆ ತಗ್ಗಿಸಿಯೇ ಕೂತಿದ್ದಳು. ಗಮನ ಅಳೆಯುವ ಯಾವ ಕ್ಯಾಮೆರಾ ಇದ್ದರೂ ಸೊನ್ನೆ ಹಾಕುತ್ತಿತ್ತು. ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಹೇಳಿದವಳು ಅವಳೊಬ್ಬಳೇ. ಹಿರಿಯರು ಮಾತಾಡುವಾಗ ತಲೆ ಎತ್ತಿ ನೋಡಬಾರದು ಎಂದು ಮನೆಯಲ್ಲಿ ಕಲಿಸಿದ್ದಾರೆ, ಅಷ್ಟೇ. ಮುಖ ನೋಡಿ ಮನಸ್ಸು ಹೇಳುತ್ತೇವೆ ಎನ್ನುವ ಯಂತ್ರಗಳ ಬಗ್ಗೆ ಮನೋವಿಜ್ಞಾನಿ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲಿ ಇದ್ದಬದ್ದ ಸಂಶೋಧನೆಯನ್ನೆಲ್ಲ ಜಾಲಿಸಿ, ಮುಖಭಾವವೊಂದರಿಂದಲೇ ಭಾವನೆಯನ್ನು ನಂಬಿಕೆಯಿಂದ ಹೇಳಲಾಗದು ಎಂದರು. ಅದೇ ವರ್ಷ ಚೀನಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಹಣೆಗೆ ಗಮನ ಅಳೆಯುವ ಪಟ್ಟಿ ಕಟ್ಟಿದ ಚಿತ್ರಗಳು ಹೊರಬಂದು, ಜನ ಸಿಟ್ಟಾಗಿ, ಅದನ್ನು ನಿಲ್ಲಿಸಬೇಕಾಯಿತು. ಯುರೋಪಿನ ಒಕ್ಕೂಟ ತನ್ನ ಕೃತಕ ಬುದ್ಧಿಮತ್ತೆ ಕಾನೂನಿನಡಿ, ಶಾಲೆಗಳಲ್ಲಿ ಭಾವನೆ ಗುರುತಿಸುವ ವ್ಯವಸ್ಥೆಗಳನ್ನು 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ. ಚಿಕಿತ್ಸೆ, ಸುರಕ್ಷತೆಯ ಕಾರಣಕ್ಕೆ ಮಾತ್ರ ರಿಯಾಯಿತಿ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ. ಶಾಲೆಗಳಿಗೆ ಕೆಲವು ವಿನಾಯಿತಿ ಇರುವುದೂ ನಿಜ. ವಿನಾಯಿತಿ ಇದ್ದರೂ ಕೇಳಿ ಎಂಬುದು ನನ್ನ ಅಭಿಪ್ರಾಯ. ಹೆಬ್ಬೆಟ್ಟು ಒತ್ತುವ ತಾಯಿಗೂ ಅವಳ ಮಾತಿನಲ್ಲೇ ಬಿಡಿಸಿ ಹೇಳಿದರೆ ತಿಳಿಯುತ್ತದೆ. “ನನ್ನ ಮಗಳ ದನಿ ಯಾರ್ಯಾರು ಕೇಳ್ತಾರ್ರಿ?” ಎಂದು ಆ ಸಭೆಯಲ್ಲಿ ಒಬ್ಬ ತಾಯಿ ಕೇಳಿದಳು. ಯಾವ ತಜ್ಞರ ಸಮಿತಿಯೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಯಂತ್ರವೇ ಬೇಡವೇ? ಹಾಗಲ್ಲ. ಆದರೆ ಬಹುವಿಧದ ನೋಟಕ್ಕೆ ಬೇಕಾದ ಅರ್ಧ ಸಾಮಾನು ನಮ್ಮ ಶಾಲೆಗಳಲ್ಲೇ ಇದೆ, ಯಂತ್ರ ಬರುವುದಕ್ಕೂ ಮುಂಚಿನಿಂದ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂತು ರೂಪಿಸಿದ ನಲಿ-ಕಲಿ ಬೋಧನಾ ಪದ್ಧತಿ 2009-10ರಿಂದ ರಾಜ್ಯದ ಕನ್ನಡ ಸರಕಾರಿ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಏನುಂಟು ನೋಡಿ. ಹಾಡು ಇದೆ, ಕಾರ್ಡು ಇದೆ, ಗೋಡೆಯ ಕೆಳಗೆ ಮಗು ತಾನೇ ಬರೆಯುವ ಕರಿಹಲಗೆ ಇದೆ, ತಲೆಯ ಮೇಲೆ ಚಪ್ಪರಕ್ಕೆ ತೂಗುಬಿಟ್ಟ ಮಗುವಿನ ಕೈಕೆಲಸ ಇದೆ. ಕಲಿಕಾ ಏಣಿಯಲ್ಲಿ ಪ್ರತಿ ಮಗು ಯಾವ ಮೆಟ್ಟಿಲಲ್ಲಿದೆ ಎಂಬ ಗುರುತು ಇದೆ. ಶಿಕ್ಷಕರ ಪೂರ್ಣ ನೆರವು ಬೇಕಾದ ಗುಂಪಿನಿಂದ ತಾನೇ ಕಲಿಯುವ ಗುಂಪಿನವರೆಗೆ ಐದು ತಟ್ಟೆಗಳಿವೆ. ಮಗು ಇಂದು ಯಾವ ತಟ್ಟೆಯ ಸುತ್ತ ಕೂತಿದೆ ಎಂಬುದೇ ಒಂದು ದತ್ತಾಂಶ, ನಾಳೆ ಎದ್ದು ಬೇರೆ ತಟ್ಟೆಗೆ ಹೋದರೆ ಅದು ಇನ್ನೊಂದು. ಈ ಪದ್ಧತಿಯ ಗುಣ ಏನೆಂದರೆ, ಅಲ್ಲಿ ಸಿಕ್ಕ ಮಾಹಿತಿ ಅಲ್ಲೇ, ಅದೇ ಮಗುವಿಗೆ, ಅದೇ ದಿನ ಖರ್ಚಾಗುತ್ತದೆ. ಕಚೇರಿಗೆ ಹೋಗಿ ಬರಬೇಕಾಗಿಲ್ಲ. ದುರ್ದೈವ ಎಂದರೆ ನಾಲ್ಕನೆಯ ಇಯತ್ತೆಗೆ ಬಂದೊಡನೆ ತಟ್ಟೆಗಳು ಮಾಯವಾಗಿ ವಹಿ ಒಂದೇ ಉಳಿಯುತ್ತದೆ.

ಹಾಜರಿಯ ವಿಷಯದಲ್ಲೂ ಬೇಕಾದ ಮಾಹಿತಿ ಶಾಲೆಯಲ್ಲೇ ಇದೆ. ದೀಪಾವಳಿಯ ಆಸುಪಾಸು ನಮ್ಮ ತಾಂಡಾಗಳಿಂದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುತ್ತವೆ. ಹಂಗಾಮು ಮುಗಿದು ಹೊಳ್ಳುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಇತ್ತ ತಿಕೋಟಾದಲ್ಲಿ ಒಣದ್ರಾಕ್ಷಿ ಶೆಡ್ಡಿನ ಕೆಲಸದ ದಿನಗಳೂ ಅವೇ. 2025ರಲ್ಲಿ ಮುಖ ಗುರುತಿಸಿ ಹಾಜರಿ ಹಾಕುವ ವ್ಯವಸ್ಥೆಯ ಮಾತು ನಮ್ಮ ರಾಜ್ಯದಲ್ಲಿ ಜೋರಾಗಿ ಬಂತು. ಮುಖ ಕಂಡರೆ ಗುರುತಿಸಬಹುದು ಸರಿ. ಕಾಣದ ಮುಖ ಎಲ್ಲಿ ಹೋಯಿತು, ಯಾವಾಗ ಬರುತ್ತದೆ, ಬಂದಾಗ ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಹೇಳುವುದು ಹಾಜರಿ ಪುಸ್ತಕದ ಅಂಚಿನಲ್ಲಿ ಅಕ್ಕೋರು ಪೆನ್ಸಿಲಿನಲ್ಲಿ ಬರೆದ ಮೂರು ಪದ. ‘ಕಬ್ಬಿಗೆ, ಅಜ್ಜಿ ಇದ್ದಾಳೆ.’ ಎಸ್‌ಎಟಿಎಸ್‌ನಲ್ಲಿ ಈ ಮೂರು ಪದಕ್ಕೆ ಕಾಲಂ ಇಲ್ಲ. ಕೊರೊನಾಕ್ಕೆ ಶಾಲೆ ಮುಚ್ಚಿದ್ದಾಗ, 2020ರ ಆಗಸ್ಟಿನಲ್ಲಿ, ವಿದ್ಯಾಗಮ ಶುರುವಾಗಿ ಗುಡಿಯ ಕಟ್ಟೆ, ಬೇವಿನ ನೆರಳಲ್ಲಿ ಪಾಠ ಮಾಡಿದಿರಲ್ಲ, ಆಗ ಎಷ್ಟು ಮನೆಯ ಒಳಗು ನಿಮಗೆ ಗೊತ್ತಾಯಿತು, ನೆನಪಿಸಿಕೊಳ್ಳಿ.

ಟ್ಯಾಬ್ಲೆಟ್ಟಿನ ಫಜೀತಿಯ ನಂತರ ನಾನೂ ಈ ಶಾಲೆಗಳ ಅಕ್ಕೋರೂ ಸೇರಿ ಮಾಡಿದ್ದು ಬಹಳ ಸಣ್ಣದು. ದಿನಕ್ಕೆ ಇಬ್ಬರು ಮಕ್ಕಳು. ಒಂದು ನಿಮಿಷದ ಓದಿನ ಧ್ವನಿ. ವಹಿಯ ಒಂದು ಪುಟದ ಫೋಟೊ. ಒಂದು ಲೆಕ್ಕ ಮಾಡಿಸಿ “ಹೆಂಗ ಮಾಡಿದಿ?” ಎಂದು ಕೇಳಿ, ಕೈ ನೋಡಿ, ಒಂದು ಸಾಲಿನ ಟಿಪ್ಪಣಿ. ಮೂವತ್ತು ಮಕ್ಕಳ ತರಗತಿ ಹದಿನೈದು ಕೆಲಸದ ದಿನದಲ್ಲಿ ಒಂದು ಸುತ್ತು ಮುಗಿಯುತ್ತದೆ. ಧ್ವನಿ, ಫೋಟೊ ಶಾಲೆಯ ಫೋನಿನಲ್ಲೇ ಇರುತ್ತವೆ, ವರ್ಷ ಮುಗಿದ ಮೇಲೆ ಅಳಿಸುತ್ತೇವೆ. ಆ ತಾಯಿಗೆ ಕೊಟ್ಟ ಮಾತು ಅದು. ಟಿಪ್ಪಣಿಗೆ ಒಂದೇ ಶರತ್ತು, ನಾಳೆ ಈ ಮಗುವಿಗೆ ಏನು ಮಾಡುತ್ತೇನೆ ಎಂಬುದು ಅದರ ಕೊನೆಯಲ್ಲಿ ಇರಬೇಕು. ಇಲ್ಲದಿದ್ದರೆ ಬರೆಯುವುದೇ ಬೇಡ. ನಿಮಗೆ ಈಗಿರುವ ದಾಖಲೆ ಸಾಕು, ಮತ್ತೊಂದು ರಜಿಸ್ಟರು ಹೊರಿಸಲು ನಾನು ಬಂದಿಲ್ಲ.

ಸಂತೆಯ ಹುಡುಗಿಯ ಟಿಪ್ಪಣಿಯಲ್ಲಿ ಅಕ್ಕೋರು ಬರೆದದ್ದು, ‘ಕೈಲೆಕ್ಕ ಸರಿ. ನಾಳೆ ಆಟದ ನೋಟು.’ ಮರುದಿನ ಆಟದ ನೋಟು ಹರಡಿ ಅವಳನ್ನೇ ಅಂಗಡಿಕಾರಳಾಗಿ ಕೂರಿಸಿದರು. ಚಿಲ್ಲರೆ ಕೊಟ್ಟದ್ದನ್ನು ಹಾಗೆಯೇ ವಹಿಯಲ್ಲಿ ಬರೆಸಿದರು. ಮೂರು, ಹತ್ತು, ಹತ್ತು, ಎರಡು. ಹತ್ತನ್ನು ಬಿಡಿಸಿ ಕಡ ತರುವ ಶಾಲೆಯ ರೀತಿ ಅವಳಿಗೆ ಬರಲು ಇನ್ನೂ ಎರಡು ವಾರ ಹಿಡಿಯಿತು. ಹಿಡಿಯಲಿ.

ಕೊನೆಗೆ ಸಂಘಟಕರಲ್ಲಿ ಒಂದು ಕೇಳಿಕೆ. ನನಗೆ ಶಾಲು, ಹಾರ, ಗೌರವಧನ ಎಂದು ಏನು ತೆಗೆದಿಟ್ಟಿದ್ದೀರೋ ಅದರಲ್ಲಿ ಇನ್ನೂರು ಪುಟದ ಉದ್ದ ವಹಿಗಳನ್ನು ತನ್ನಿ. ಮುಂದಿನ ಸಾಲಿನಲ್ಲಿ ತಿಕೋಟಾ, ಬಬಲೇಶ್ವರದ ಹನ್ನೊಂದು ಮಂದಿ ಶಿಕ್ಷಕಿಯರು ಕೂತಿದ್ದಾರೆ, ಈ ಸುತ್ತನ್ನು ಸೋಮವಾರದಿಂದ ತಮ್ಮ ಶಾಲೆಗಳಲ್ಲಿ ಶುರು ಮಾಡುತ್ತೇವೆ ಎಂದಿದ್ದಾರೆ. ಬಸ್ಸು ಹೊರಡುವುದರೊಳಗೆ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟು ಕಳಿಸಿ.